ಗೆರೆ ದಾಟೇತೇನ?

ಧಾರವಾಡದ ಸಸ್ಯಮೇಳದ ಕಡೇ ದಿನ, ಸಂಜಿ ಆರಕ್ಕ,
ಚೌಕಾಸಿ ಮಾಡಿ ಮುನ್ನೂರಾ ಐವತ್ತಕ್ಕ ತಂದೆ ಆರ್ಕಿಡ್.
ಹೂವು ಎರಡಿದ್ದವು. ನವಲೂರು ದಾಟೂದರಾಗ
ಒಂದು ಬಸ್ಸಿನಾಗ ಉದುರಿತು.
ಎಲಿ ಐದು. ದಪ್ಪ, ಎತ್ತಿನ ನಾಲಿಗಿಯಂಥವು.
ಮಾರುವಾಂವ ರೊಕ್ಕ ಎಣಿಸಿಕೋತ ಅಂದ:
"ಅಕ್ಕಾರ, ಇದಕ್ಕ ಭಾಳ ಪ್ರೀತಿ ಮಾಡಬ್ಯಾಡ್ರಿ."

ನಾಕನೇ ದಿನ ಮುಂಜಾನೆ ಕಂಡಿತು.
ಕೆಳಗಿನ ಎಲಿ ಮ್ಯಾಲೆ, ನಡುನರದ ಎಡಕ್ಕ,
ಸಾಸಿವಿಯಷ್ಟು ಕಂದು, ಸುತ್ತ ಅರಿಷಿಣದ ಉಂಗುರ.
ಬೆರಳಾಡಿಸಿದೆ. ತಗ್ಗು ಹತ್ತಿತು.
ಬಾಜೂಕ ಇನ್ನೊಂದು, ಅದರ ಮರಿ.

ಕಲೆ ನೋಡೂದ ನನ್ನ ಉದ್ಯೋಗ.
ಇಪ್ಪತ್ತೊಂದು ವರ್ಷ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ
ಬೋಗಿಯ ಹೊಟ್ಟಿ ಕೆಳಗ ಟಾರ್ಚ್ ಹಿಡಿದು ಕುಂತಾಕಿ ನಾನು.
ಕೆಂಪು ಬಣ್ಣ ಬಳದು, ಒರಸಿ, ಬಿಳೇ ಪುಡಿ ಉಗ್ಗಿ ಕಾಯತೇನಿ;
ಬಿರುಕು ಎಲ್ಲೈತಿ ಅಲ್ಲಿಂದ ಕೆಂಪು ತಾನಾಗೇ ಹೊರಗ ಬರತೈತಿ.
ಕಬ್ಬಿಣ ಸುಳ್ಳು ಹೇಳೂದಿಲ್ಲ. ತಡಾ ಮಾಡತೈತಿ ಅಷ್ಟ.
ಒಂದು ಸಲ ಒಂದು ಬಿರುಕು ನನ್ನ ಕಣ್ಣು ತಪ್ಪಿಸಿ ಹೋಗಿ
ಮೀರಜಿನಾಗ ಸಿಕ್ಕಿತು.
ಯಾರಿಗೂ ಏನೂ ಆಗಲಿಲ್ಲ.
ಆ ಬೋಗಿಯ ನಂಬರು ಮಾತ್ರ ಇವತ್ತಿಗೂ ಬಾಯಿಪಾಠ.

ಎಲಿ ಕಬ್ಬಿಣಲ್ಲ. ಸುತ್ತಿಗಿ ಬಡದು ದನಿ ಕೇಳಾಕ ಬರೂದಿಲ್ಲ.
ಬಿಸಿಲು ಬಡದೈತಿ ಅಂದಳು ಎದರ ಮನಿ ದ್ರಾಕ್ಷಾಯಣಿ.
ಮೆಹಬೂಬಿ ದೃಷ್ಟಿ ಅಂದು ಕರೀ ದಾರ ತಂದಳು; ಕಟ್ಟಿಸಿಕೊಂಡೆ,
ಯಾಕ ಬ್ಯಾಡನ್ನಲಿ?
"ಒಗದು ದಾಸವಾಳ ಹಚ್ಚು," ನನ್ನ ತಂಗಿ ಗಂಗೂ,
ರೊಟ್ಟಿ ಬಡಿಯೂ ಕೈ ನಿಲ್ಲಿಸದನ.

ಬಿರುಕಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ
ತಾರೀಖು ಬರಿಯೂದು ನಮ್ಮ ರೂಢಿ.
ಹಂಗ ಬಾಲ್‌ಪೆನ್ ತೊಗೊಂಡು
ಕಲೆಯ ಅಂಚಿಗೆ ನೀಲಿ ಗೆರೆ ಎಳದೆ. ಗುರುವಾರ.
ಶುಕ್ರವಾರ ಗೆರೆಯ ಒಳಗ.
ಶನಿವಾರ ದಾಟಿತ್ತು.
ಎಲ್ಲಾ ಕಡೆ ಅಲ್ಲ, ಒಂದ ಕಡೆ,
ನೀರು ಇಳಿಯೂ ಕಡೆ.

ಅವಾಗ ನೆಪ್ಪಾತು. ದಿನಾ ಡ್ಯೂಟಿ ಮುಗಿಸಿ ಬಂದು
ಚರಗಿಯಿಂದ ಅದರ ತಲಿ ಮ್ಯಾಲೆ ಎರಕೋತ ಬಂದಿದ್ದೆ,
ಕೂಸಿಗೆ ಎರದಂಗ, ಕಣ್ಣಿಗೆ ಬೀಳಧಂಗ ಕೈ ಅಡ್ಡ ಹಿಡದು.
ರಾತ್ರಿಯಿಡೀ ಎಲಿಯ ಕಂಕಳಾಗ ನಿಂತ ನೀರು.
ಆ ಮಾರುವಾಂವ ಹೇಳಿದ ಪ್ರೀತಿ ಇದನ.

ಐತವಾರ ಹೊಸಾ ಬ್ಲೇಡು, ಮೇಣಬತ್ತಿ.
ತುಳಸಿ, ಬ್ರಹ್ಮಕಮಲ ದೂರ ಸರಿಸಿದೆ.
ಕಲೆಗಿಂತ ಒಂದು ಬೆರಳು ಈಚೆ,
ಚಂದನ ಹಸರಿನಾಗ ಕೊಯ್ಯಬೇಕು;
ಕೈ ಅಲ್ಲೇ ತಡೀತು.
ಆಮ್ಯಾಲೆ ಕೊಯ್ದೆ. ಸೌತಿಕಾಯಿಯಂಥಾ ಸಪ್ಪಳ.
ಗಾಯಕ್ಕ ದಾಲ್ಚಿನ್ನಿ ಪುಡಿ ಒತ್ತಿದೆ,
ಬೇರಿಗೆ ಬೀಳಧಂಗ.
"ಪಲಾವಕ್ಕಂತ ಇಟ್ಟಿದ್ದೆ!" ಒಳಗಿಂದ ಗಂಗೂ.
ರಾತ್ರಿ ಟೇಬಲ್ ಫ್ಯಾನೂ ಅದರ ಕಡೆ ತಿರುವಿದೆ.
ಸೊಳ್ಳಿ ಕಡಿಸಿಕೋತ ಆಕಿ ಒಂದು ತಾಸು ಬೈದಳು.
ಮನ್ಯಾಗೆಲ್ಲಾ ಮದಿವಿ ಅಡಗಿಯ ವಾಸನಿ.

ಈಗ ಮೂರು ವಾರ.
ಉಳಿದ ಹೂವು ಬಿತ್ತು. ನಾಕೂವರಿ ಎಲಿ.
ಎರಡನೇ ಎಲಿ ಮ್ಯಾಲೂ ಒಂದು ಚುಕ್ಕಿ ಎದ್ದಿತ್ತು;
ಅದನ್ನ ಕೊಯ್ಯಲಿಲ್ಲ, ಗೆರೆ ಹಾಕಿ ಬಿಟ್ಟೇನಿ.
ಒಣಗಿ ಕರ್ರಗಾಗೈತಿ, ಹಳೇ ಸಿಡುಬಿನ ಕಲಿಯಂಗ;
ಎಲಿ ಇರೂತನಕ ಇರತೈತಿ ಅದು, ನನ್ನ ಶಾಯಿ ಸುದ್ದಾ.
ನೀರು ಈಗ ಮುಂಜಾನೆ, ಬುಡಕ್ಕ ಮಾತ್ರ,
ಒಣಗಿದ ಮ್ಯಾಲೆ.
ಕೈ ಒಮ್ಮೊಮ್ಮೆ ತಾನಾಗೇ ಮ್ಯಾಲೇಳತೈತಿ ಚರಗಿ ಹಿಡದು.
ಇಳಿಸತೇನಿ.

ಮೊದಲನೇ ಸೈರನ್ನಿಗೆ ಚಪ್ಪಲಿ ಮೆಟ್ಟೂ ಹೊತ್ತಿಗೆ
ಒಲಿ ಮುಂದಿಂದ ಗಂಗೂ ಕೇಳತಾಳ,
"ಗೆರೆ ದಾಟೇತೇನ?"
"ಇಲ್ಲ," ಅಂತೇನಿ.
ಅಂದು, ಹೊಳ್ಳಿ ಬಂದು
ಟಾರ್ಚ್ ಹಾಕಿ ನೋಡತೇನಿ.